ಮುಂಡಗೋಡದ ದೋಗುಲಿಂಗ್: ನೆಲ ಮೊದಲು ಬಂತು, ಕಾಯ್ದೆ ಆಮೇಲೆ

ದೋಗುಲಿಂಗ್ ಟಿಬೆಟನ್ ವಸತಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ 1966ರಲ್ಲಿ ಆರಂಭವಾಯಿತು. ಸುತ್ತಲಿನ ಊರಿನವರಿಗೆ ಅದು ಟಿಬೆಟನ್ ಕಾಲೊನಿ; ದೊಡ್ಡ ಮಠಗಳಿರುವ ಭಾಗ ಲಾಮಾ ಕ್ಯಾಂಪ್. ಸುಮಾರು 4000 ಎಕರೆಯ ಈ ವಸತಿಯಲ್ಲಿ ಒಕ್ಕಲುತನದ ಊರುಗಳಿವೆ, ಶಾಲೆಗಳಿವೆ, ಆಸ್ಪತ್ರೆ, ಸಹಕಾರ ಸಂಘ, ವೃದ್ಧಾಶ್ರಮಗಳಿವೆ. ಟಿಬೆಟಿನ ಬೌದ್ಧ ಪರಂಪರೆಯ ಮೂರು ಮಹಾಮಠಗಳಲ್ಲಿ ಎರಡು ಮತ್ತೆ ಕಟ್ಟಿಕೊಂಡದ್ದು ಇಲ್ಲೇ.

ಜೀವ ಉಳಿಸಿಕೊಳ್ಳಲು ಗಡಿ ದಾಟಿ ಬಂದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಹೇಳುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿ 1966ರಲ್ಲಿ ಇರಲಿಲ್ಲ, ಈಗಲೂ ಇಲ್ಲ. ನಿರಾಶ್ರಿತರ ಕುರಿತ 1951ರ ಜಿನೀವಾ ಒಪ್ಪಂದಕ್ಕೂ 1967ರ ಅದರ ಪೂರಕ ಒಡಂಬಡಿಕೆಗೂ ಭಾರತ ಸಹಿ ಹಾಕಿಲ್ಲ. ಮುಂಡಗೋಡದ ವಸತಿ ನಿಂತದ್ದು ಸರ್ಕಾರದ ಆದೇಶಗಳ ಮೇಲೆ, ಅರಣ್ಯ ಇಲಾಖೆಯ ಜಮೀನಿನ ಮೇಲೆ, ಅಧಿಕಾರಿಗಳ ಮನಸ್ಸಿನ ಮೇಲೆ. ಅದರ ಬಲವೂ ಅದೇ, ಅಳುಕೂ ಅದೇ. ಹಕ್ಕು ಎಂಬ ಮಾತು ಬಹಳ ತಡವಾಗಿ, ಅದೂ ಕೋರ್ಟಿನ ದಾರಿಯಿಂದ ಬಂತು.

1959–1966: ಗಡಿಯಿಂದ ಘಟ್ಟದವರೆಗೆ

1959ರ ಮಾರ್ಚ್ 17ರ ರಾತ್ರಿ ಹದಿನಾಲ್ಕನೆಯ ದಲೈ ಲಾಮಾ ಲ್ಹಾಸಾ ಬಿಟ್ಟರು. ಮಾರ್ಚ್ 31ರಂದು ತವಾಂಗ್ ಬಳಿ ಭಾರತದ ಗಡಿ ದಾಟಿದರು. ಅವರ ಹಿಂದೆ ಬಂದವರ ಸಂಖ್ಯೆ ಸುಮಾರು 80,000 ಎಂದು ಅಂದಾಜು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಷೆಡ್ಡುಗಳ ತಾತ್ಕಾಲಿಕ ಶಿಬಿರ ಎದ್ದಿತು. ಸನ್ಯಾಸಿಗಳಲ್ಲಿ ಸುಮಾರು 1500 ಮಂದಿಯನ್ನು ಬಂಗಾಳದ ಬಕ್ಸಾ ಕೋಟೆಗೆ ಕಳಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜೈಲು ಅದು. ಹಿಮದ ನಾಡಿನವರಿಗೆ ಅಲ್ಲಿಯ ಸೆಖೆ ಒಗ್ಗಲಿಲ್ಲ. ಕ್ಷಯ ಹಬ್ಬಿತು, ಸಾವುಗಳಾದವು. ಉಳಿದವರು ಗ್ರಂಥಪಾಠ ಬಿಡಲಿಲ್ಲ. ಗೃಹಸ್ಥರಲ್ಲಿ ಬಹಳ ಮಂದಿ ಹಿಮಾಚಲ, ಸಿಕ್ಕಿಂಗಳ ರಸ್ತೆ ಕೆಲಸಕ್ಕೆ ಹೋದರು. ಕಲ್ಲು ಒಡೆಯುವ ಜಾಗದ ಪಕ್ಕದಲ್ಲೇ ಟೆಂಟು ಹಾಕಿ, ಮಕ್ಕಳನ್ನೂ ಅಲ್ಲೇ ಸಾಕಿದರು.

ಇವರು ಬೇಗ ವಾಪಸ್ಸು ಹೋಗುವವರಲ್ಲ ಎಂದು ದೆಹಲಿಗೆ ತಿಳಿದದ್ದು ನಿಧಾನವಾಗಿ. ತಿಳಿದ ಮೇಲೆ ಪ್ರಧಾನಿ ನೆಹರೂ ರಾಜ್ಯಗಳಿಗೆ ಪತ್ರ ಬರೆದು ಜಮೀನು ಕೇಳಿದರು. ಮುಂದೆ ಬಂದ ರಾಜ್ಯಗಳಲ್ಲಿ ಅಂದಿನ ಮೈಸೂರು ಮೊದಲ ಸಾಲಿನದು. 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 3000 ಎಕರೆ ಕಾಡು ಕೊಟ್ಟು ಮೊದಲ ವಸತಿಗೆ ದಾರಿ ಮಾಡಲಾಯಿತು. ಟಿಬೆಟನ್ನರು ಈ ಉಪಕಾರವನ್ನು ಎಸ್. ನಿಜಲಿಂಗಪ್ಪನವರ ಹೆಸರಿನಲ್ಲೇ ನೆನೆಯುತ್ತಾರೆ. ದಲೈ ಲಾಮಾ ಅವರೂ ಹಲವು ಸಲ ಹಾಗೆಯೇ ಹೇಳಿದ್ದಾರೆ. 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಆದ್ದರಿಂದ ಆ ಕೀರ್ತಿಯಲ್ಲಿ ಜತ್ತಿಯವರ ಸರ್ಕಾರಕ್ಕೂ ಒಂದು ಪಾಲು ಸಲ್ಲಬೇಕು. ಮುಂಡಗೋಡದ ವಿಷಯದಲ್ಲಿ ಗೊಂದಲವಿಲ್ಲ. 1962ರಿಂದ 1968ರವರೆಗೆ ಆಡಳಿತ ನಡೆಸಿದವರು ನಿಜಲಿಂಗಪ್ಪನವರೇ.

ಆ ಕಾಲದಲ್ಲಿ ರಾಜ್ಯಕ್ಕೆ ಬಂದವರು ಟಿಬೆಟನ್ನರಷ್ಟೇ ಅಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರಿನ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಪುನರ್ವಸತಿ ಕ್ಯಾಂಪುಗಳಾದವು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಲೋನಿನಿಂದ ಬಂದ ತಮಿಳು ಕೂಲಿಗಳಿಗೆ ಸುಳ್ಯ, ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಬೀಳು ಬಿದ್ದ ನೆಲ, ಹೊಸ ನೀರಾವರಿ, ಹೊಸ ತೋಟ ಇದ್ದಲ್ಲಿ ದುಡಿಯುವ ಕೈಗಳೂ ಬೇಕಿದ್ದವು. ದಯೆಯ ಜೊತೆಗೆ ಈ ಲೆಕ್ಕವೂ ಇತ್ತು ಎನ್ನುವುದರಿಂದ ದಯೆಯ ಬೆಲೆಯೇನೂ ಕಡಿಮೆಯಾಗದು.

ಹೊರಗಿನಿಂದ ಬಂದವರಿಗೆ ನೆಲೆ ಕೊಡುವುದು ಉತ್ತರ ಕನ್ನಡ ಜಿಲ್ಲೆಗೂ ಹೊಸದಾಗಿರಲಿಲ್ಲ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಹೋಗಿ, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಶುರುವಾದ ಮೇಲೆ ದೇವರ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ಬಂದ ಕೊಂಕಣಿ ಕುಟುಂಬಗಳು ಕಾರವಾರ, ಅಂಕೋಲೆ, ಕುಮಟೆ, ಭಟ್ಕಳಗಳಲ್ಲಿ ನೆಲೆ ನಿಂತವು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡ ಆಫ್ರಿಕದ ಗುಲಾಮರ ಸಂತತಿ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನಲ್ಲಿದ್ದಾರೆ. ಅವರಿಗೆಲ್ಲ ಯಾರೂ ಪರವಾನಗಿ ಕೇಳಲಿಲ್ಲ. ಕೇಳುವ ಕಚೇರಿಯೇ ಆಗ ಇರಲಿಲ್ಲ. ಕಚೇರಿ ಇದ್ದ ಕಾಲದಲ್ಲಿ ಈ ಜಿಲ್ಲೆಗೆ ಬಂದ ಮೊದಲ ದೊಡ್ಡ ಗುಂಪು ಟಿಬೆಟನ್ನರದು.

1966–1972: ಕಾಡು, ಟೆಂಟು, ಗೋವಿನಜೋಳ

ಮುಂಡಗೋಡ ಘಟ್ಟದ ಮೇಲಿನ ತಾಲ್ಲೂಕು. ಪಶ್ಚಿಮಕ್ಕೆ ಯಲ್ಲಾಪುರದ ಮಳೆಕಾಡು, ಪೂರ್ವಕ್ಕೆ ಧಾರವಾಡದ ಬಯಲು. ಕರಾವಳಿಯ ಅಡಿಕೆ, ತೆಂಗು, ಮೀನಿನ ಬದುಕಿಗಿಂತ ಹುಬ್ಬಳ್ಳಿಯ ಹತ್ತಿ, ಜೋಳದ ಬದುಕಿಗೆ ಅದು ಹತ್ತಿರ. ಹಾಗಿದ್ದೂ ಜಿಲ್ಲಾ ಕೇಂದ್ರ ಕಾರವಾರ. ಮುಂಡಗೋಡದ ಕಡತ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಮೇಲೆ ಹಾದು ಕಾರವಾರ ಸೇರಬೇಕು. ಈ ದಾರಿಗೂ ವಸತಿಯ ಕತೆಗೂ ಮುಂದೆ ಬಿಡದ ನಂಟು ಬೆಳೆಯಿತು.

ಮೊದಲ ತಂಡಗಳು ಬಂದಾಗ ಜಾಗ ತೇಗ, ಬಿದಿರು ಬೆಳೆದ ಕಾಡು. ಟೆಂಟುಗಳಲ್ಲಿದ್ದುಕೊಂಡು ಮರ ಕಡಿದು, ಬೇರು ಕಿತ್ತು, ಪೊದೆಗೆ ಬೆಂಕಿ ಹಾಕಿ ನೆಲ ಹಸನು ಮಾಡಬೇಕಿತ್ತು. ಆ ದಿನಗಳಲ್ಲಿ ದಿನಗೂಲಿ ಮತ್ತು ಪಡಿತರದ ಮೇಲೆ ಸಂಸಾರ ಸಾಗಿತು. ಉಸಿರು ಕಟ್ಟಿಸುವ ಮಾರ್ಚ್ ತಿಂಗಳ ಬಿಸಿಲು, ಜೂನ್ ಬಂದೊಡನೆ ಬಿಡದ ಮಳೆ, ಸೊಳ್ಳೆ, ಜಿಗಣೆ. ಯಾಕ್ ಸಾಕಿಕೊಂಡು ಊರಿಂದೂರಿಗೆ ಹೋಗುತ್ತಿದ್ದವರು, ಬಾರ್ಲಿಯೊಂದನ್ನೇ ಬಿತ್ತಿ ಬಲ್ಲವರು ಇಲ್ಲಿ ಗೋವಿನಜೋಳ, ಭತ್ತ, ಹತ್ತಿ ಬೆಳೆಯಲು ಕಲಿತರು. ಕೆಂಪು ಮಣ್ಣಿನ ಸ್ವಭಾವ, ಬಿತ್ತನೆಯ ಹದ, ಎತ್ತಿನ ಗುಣ ತಿಳಿಸಿಕೊಟ್ಟವರು ಸುತ್ತಲಿನ ಹಳ್ಳಿಗಳ ಒಕ್ಕಲಿಗರು ಮತ್ತು ಲಂಬಾಣಿ ತಾಂಡಾಗಳ ಕೂಲಿಯಾಳುಗಳು. ತೆನೆ ಕಟ್ಟುವ ಹೊತ್ತಿಗೆ ಆನೆ, ಹಂದಿ ಬರುತ್ತಿದ್ದವು. ರಾತ್ರಿಯಿಡೀ ಬೆಂಕಿ ಹಾಕಿ ಡಬ್ಬ ಬಾರಿಸುತ್ತ ಹೊಲ ಕಾಯುವ ಕೆಲಸದಲ್ಲಿ ಟಿಬೆಟನ್ನರಿಗೂ ಊರವರಿಗೂ ಮೊದಲ ಒಡನಾಟ ಬೆಳೆಯಿತೆಂದರೆ ತಪ್ಪಿಲ್ಲ.

ಜಮೀನನ್ನು ತಲೆಗೆ ಇಷ್ಟೆಂಬ ಲೆಕ್ಕದಲ್ಲಿ ಕುಟುಂಬಗಳಿಗೆ ಹಂಚಲಾಯಿತು. ಹಂಚಿದ್ದು ಉಳುಮೆಯನ್ನು, ಒಡೆತನವನ್ನಲ್ಲ. ಪಹಣಿಯಲ್ಲಿ ಸಾಗುವಳಿದಾರನ ಹೆಸರು ಏರಲಿಲ್ಲ. ವಸತಿಯನ್ನು ಕ್ಯಾಂಪುಗಳಾಗಿ ವಿಂಗಡಿಸಿ ಸಂಖ್ಯೆ ಕೊಡಲಾಯಿತು. ಇಂದಿಗೂ ವಿಳಾಸ ಕೇಳಿದರೆ ಬರುವ ಉತ್ತರ ಕ್ಯಾಂಪ್ ನಂಬರು. ಪ್ರತಿ ಕ್ಯಾಂಪಿಗೂ ಒಬ್ಬ ಮುಖಂಡ. ಎಲ್ಲರ ಮೇಲೆ ಧರ್ಮಶಾಲೆಯ ಟಿಬೆಟನ್ ಆಡಳಿತ ಕಳಿಸುವ ವಸತಿ ಅಧಿಕಾರಿ. ಊ-ತ್ಸಾಂಗ್, ಖಾಮ್, ಆಮ್ದೋ ಎಂಬ ಮೂರು ಸೀಮೆಗಳ ಜನ ಒಂದೇ ಊರಿನಲ್ಲಿ ಬೆರೆತದ್ದರಿಂದ ಮಾತಿನಲ್ಲಿ, ನಡಾವಳಿಯಲ್ಲಿ ವ್ಯತ್ಯಾಸವಿತ್ತು. ಒಂದಿಷ್ಟು ತಿಕ್ಕಾಟಗಳೂ ಆದವು. ಶಾಲೆ ಮತ್ತು ಸಹಕಾರ ಸಂಘ ನೆಲೆಗೊಂಡ ಮೇಲೆ ಅವು ತಣ್ಣಗಾದವು.

1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿದ್ದೇ ರಾಜ್ಯದ ಟಿಬೆಟನ್ ಪುನರ್ವಸತಿಗೆ ನೆರವಾಗಲು. ಸುಮಾರು ಹತ್ತು ವರ್ಷ ಅದರ ಮುಖ್ಯ ಕೆಲಸ ಇದೇ ಆಗಿತ್ತು. ಆಮೇಲೆ ಅದು ಕನ್ನಡ ನಾಡಿನ ಬಡವರ ಕಡೆ ಹೊರಳಿ, ಸ್ವಸಹಾಯ ಗುಂಪುಗಳ ಮೂಲಕ ದೇಶಕ್ಕೆಲ್ಲ ಹೆಸರಾಯಿತು. ನಿರಾಶ್ರಿತರಿಗಾಗಿ ಕಟ್ಟಿದ ಸಂಸ್ಥೆಯೊಂದರ ಫಲ ಊರವರಿಗೂ ದಕ್ಕಿದ ಈ ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ.

1969: ಲಾಮಾ ಕ್ಯಾಂಪುಗಳು

ಬಕ್ಸಾದ ಸನ್ಯಾಸಿಗಳು ಹತ್ತು ವರ್ಷದ ಬಳಿಕ ದಕ್ಷಿಣಕ್ಕೆ ಬಂದರು. ಸೆರಾ ಮಠದವರು ಬೈಲಕುಪ್ಪೆಗೆ, ಗಾಡೆನ್ ಮತ್ತು ಡ್ರೆಪುಂಗ್ ಮಠದವರು ಮುಂಡಗೋಡಕ್ಕೆ. ಗಾಡೆನ್ ಮಠವನ್ನು ಚೋಂಖಾಪ ಗುರು ಲ್ಹಾಸಾದ ಬಳಿ ಸ್ಥಾಪಿಸಿದ್ದು 1409ರಲ್ಲಿ. ಡ್ರೆಪುಂಗ್ 1416ರದು; ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಮಠಗಳಲ್ಲಿ ಎಣಿಸಲ್ಪಟ್ಟದ್ದು. ಮುಂಡಗೋಡದಲ್ಲಿ ಗಾಡೆನ್ ಒಂದನೆಯ ಲಾಮಾ ಕ್ಯಾಂಪ್, ಡ್ರೆಪುಂಗ್ ಎರಡನೆಯದು.

ಬಂದವರು ಕೆಲವು ನೂರು ಮಂದಿ. ಪ್ರಾಯದವರು ಕಾವಿಯನ್ನು ಮಡಿಚಿಟ್ಟು ಹೊಲಕ್ಕಿಳಿದರು. ಹಗಲು ಬೇಸಾಯ, ಸಂಜೆಯಿಂದ ತರ್ಕ. ಭಿಕ್ಷೆ ಮತ್ತು ಜಹಗೀರಿನ ಮೇಲೆ ಶತಮಾನಗಳ ಕಾಲ ನಡೆದ ಮಠಕ್ಕೆ ತನ್ನ ಅನ್ನ ತಾನೇ ಬೆಳೆದುಕೊಳ್ಳುವ ಪ್ರಸಂಗ ಬಂದದ್ದು ಇದೇ ಮೊದಲು. ಇದು ಗುರುಕುಲದ ಓದಿಗೆ ಅಡ್ಡಿ ಎಂದು ಹಿರಿಯರಲ್ಲಿ ಕೆಲವರಿಗೆ ಅನ್ನಿಸಿತ್ತು. ಕೆಲಸ ಮಾಡದೆ ಊಟವಿಲ್ಲ ಎಂಬುದು ಮತ್ತೆ ಕೆಲವರ ಮಾತು. ಎರಡೂ ನಡೆದವು. ಗಾಡೆನ್‌ನ ಶಾರ್ತ್ಸೆ, ಜಾಂಗ್ತ್ಸೆ ವಿದ್ಯಾಲಯಗಳು, ಡ್ರೆಪುಂಗ್‌ನ ಲೊಸೆಲಿಂಗ್, ಗೊಮಾಂಗ್ ವಿದ್ಯಾಲಯಗಳು ಹಳೆಯ ಪಠ್ಯಕ್ರಮವನ್ನು ಇದ್ದಂತೆಯೇ ಉಳಿಸಿಕೊಂಡವು. ಹದಿನೈದು ಇಪ್ಪತ್ತು ವರ್ಷದ ಓದಿನ ಕೊನೆಗೆ ಸಿಗುವ ಗೆಶೆ ಪದವಿಗೆ ಇಲ್ಲೇ ಪರೀಕ್ಷೆ.

ಸಂಜೆ ವಾದದ ಅಂಗಳಕ್ಕೆ ಹೋದವರಿಗೆ ಓದಿನ ರೀತಿ ಕಣ್ಣಿಗೆ ಬೀಳುತ್ತದೆ. ಉತ್ತರಿಸುವವನು ಚಾಪೆಯ ಮೇಲೆ ಕೂತಿರುತ್ತಾನೆ. ಪ್ರಶ್ನೆ ಹಾಕುವವನು ನಿಂತು, ಮಣಿಸರವನ್ನು ತೋಳಿಗೇರಿಸಿ, ಎಡಗಾಲನ್ನೆತ್ತಿ ನೆಲಕ್ಕೆ ಅಪ್ಪಳಿಸುತ್ತ ಬಲಗೈಯಿಂದ ಎಡಗೈಗೆ ಚಟ್ಟನೆ ಹೊಡೆಯುತ್ತಾನೆ. ಆ ಸದ್ದಿನೊಂದಿಗೇ ಪ್ರಶ್ನೆ ಮುಗಿಯಬೇಕು. ಉತ್ತರ ತಪ್ಪಿದರೆ ಸುತ್ತ ನಿಂತವರ ಕೂಗು. ಒಂದೇ ಅಂಗಳದಲ್ಲಿ ನೂರಾರು ಜೋಡಿಗಳು ಏಕಕಾಲಕ್ಕೆ ವಾದಕ್ಕಿಳಿದಾಗ ಪಕ್ಕದವರ ಮಾತು ಕೇಳುವುದೂ ಕಷ್ಟ.

ಕಾರವಾರದ ಕಚೇರಿ, ಆರ್.ಸಿ. ಪುಸ್ತಕ

ವಸತಿಯ ಬದುಕನ್ನು ನೆಲದಷ್ಟೇ ನಿರ್ಧರಿಸಿದ್ದು ಒಂದು ಕಿರುಪುಸ್ತಕ. ವಿದೇಶೀಯರ ನೋಂದಣಿ ಪತ್ರ ಅದರ ಹೆಸರು. ಎಲ್ಲರೂ ಕರೆಯುವುದು ಆರ್.ಸಿ. ಎಂದೇ. 1939ರ ವಿದೇಶೀಯರ ನೋಂದಣಿ ಕಾಯ್ದೆ, 1946ರ ವಿದೇಶೀಯರ ಕಾಯ್ದೆ ಎರಡೂ ಬ್ರಿಟಿಷರ ಕಾಲದವು. ಅವುಗಳ ಕಣ್ಣಿಗೆ ಪ್ರವಾಸಿ, ವ್ಯಾಪಾರಿ, ಗೂಢಚಾರ, ಜೀವಭಯದಿಂದ ಓಡಿಬಂದವ ಎಲ್ಲರೂ ಒಂದೇ: ವಿದೇಶೀಯರು. ತಾನು ವಿದೇಶೀಯನಲ್ಲವೆಂದು ರುಜುವಾತು ಮಾಡುವ ಹೊಣೆಯನ್ನು 1946ರ ಕಾಯ್ದೆಯ 9ನೆಯ ಕಲಮು ಆ ವ್ಯಕ್ತಿಯ ಮೇಲೆಯೇ ಹೊರಿಸಿತ್ತು. ಹೊರಹಾಕುವ ವಿಷಯದಲ್ಲಿ ಸರ್ಕಾರದ ವಿವೇಚನೆಗೆ ಎಲ್ಲೆಯಿಲ್ಲ ಎಂದು ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿತ್ತು. ಇಂಥ ಕಾಯ್ದೆಯ ಕೆಳಗೆ ಟಿಬೆಟನ್ನರು ನೆಮ್ಮದಿಯಿಂದ ಇದ್ದದ್ದು ಕಾಯ್ದೆ ಮೃದುವಾಗಿತ್ತೆಂದಲ್ಲ. ಅದನ್ನು ಅವರ ಮೇಲೆ ಬಿಗಿಯಾಗಿ ಬಳಸಬಾರದು ಎಂಬ ನಿರ್ಧಾರ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಇತ್ತೆಂದು.

ಜಿಲ್ಲೆಯಲ್ಲಿ ವಿದೇಶೀಯರ ನೋಂದಣಿ ಅಧಿಕಾರಿಯೆಂದರೆ ಪೊಲೀಸ್ ವರಿಷ್ಠಾಧಿಕಾರಿ. ಆ ಕಚೇರಿ ಕಾರವಾರದಲ್ಲಿ. ಮುಂಡಗೋಡದ ರೈತ, ಸನ್ಯಾಸಿ, ಶಾಲೆ ಮುಗಿಸಿದ ಹುಡುಗಿ ಎಲ್ಲರ ಕಾನೂನಿನ ಅಸ್ತಿತ್ವ ಅಲ್ಲಿಯ ದಫ್ತರಿನಲ್ಲಿ. ಆರ್.ಸಿ. ಮೊದಲೆಲ್ಲ ವರ್ಷ ವರ್ಷ ನವೀಕರಣವಾಗಬೇಕಿತ್ತು. ಭಾರತದಲ್ಲೇ ಹುಟ್ಟಿದವರಿಗೆ, ಬಹುಕಾಲ ನೆಲೆಸಿದವರಿಗೆ ಅದನ್ನು ಐದು ವರ್ಷಕ್ಕೆ ವಿಸ್ತರಿಸಿದ್ದು ಬಹಳ ಈಚೆಗೆ. ಅವಧಿ ಮೀರಿದರೆ ಅದು ಅಪರಾಧ. ಹೊರದೇಶಕ್ಕೆ ಹೋಗಬೇಕಿದ್ದರೆ ಪಾಸ್‌ಪೋರ್ಟ್ ಬದಲು ಹಳದಿ ರಕ್ಷೆಯ ಗುರುತಿನ ಪತ್ರ. ವಾಪಸ್ಸು ಬರಲು ಆಕ್ಷೇಪವಿಲ್ಲ ಎಂಬ ಮುದ್ರೆ ಅದರ ಮೇಲೆ ಬೇಕು. ಮೊದಲ ಮಹಾಯುದ್ಧದ ನಂತರ ದೇಶ ಕಳೆದುಕೊಂಡ ರಷ್ಯನ್ನರಿಗೆ 1922ರಲ್ಲಿ ಕೊಟ್ಟ ನಾನ್ಸೆನ್ ಪಾಸ್‌ಪೋರ್ಟಿನ ವಂಶಕ್ಕೆ ಸೇರಿದ್ದು ಇದು. ವಸತಿಯನ್ನು ನೋಡಲು ಬಂದು ಉಳಿದುಕೊಳ್ಳುವ ವಿದೇಶೀಯರಿಗೆ ಸಂರಕ್ಷಿತ ಪ್ರದೇಶದ ಪರವಾನಗಿ ಕಡ್ಡಾಯ. ಮಠದಲ್ಲಿ ಓದಲು ಬರುವವರಿಗೂ ಅಷ್ಟೆ.

ಸಂವಿಧಾನದಲ್ಲಿ ಇವರಿಗೆ ದಕ್ಕುವ ಭಾಗವೆಷ್ಟು? 14ನೆಯ ವಿಧಿಯ ಸಮಾನತೆ, 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಎಲ್ಲ ವ್ಯಕ್ತಿಗಳಿಗೂ ಸೇರಿದ್ದು. 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದು, ಅವರನ್ನು ಬಲವಂತದಿಂದ ಎಬ್ಬಿಸದಂತೆ ಕಾಯಬೇಕಾದ್ದು ರಾಜ್ಯದ ಕರ್ತವ್ಯವೆಂದಿತು. 19ನೆಯ ವಿಧಿ ಮಾತ್ರ ನಾಗರಿಕರಿಗಷ್ಟೇ. ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸುವುದು, ಇಷ್ಟ ಬಂದ ಕಸುಬು ಹಿಡಿಯುವುದು ಅದರೊಳಗೆ ಬರುತ್ತವೆ. ಟಿಬೆಟನ್ನರಿಗೆ ಜೀವದ ಹಕ್ಕಿತ್ತು. ಜೀವನೋಪಾಯದ್ದು ಅನುಮತಿಯಾಗಿ ಉಳಿಯಿತು.

ಜಿಲ್ಲೆಯ ಮತ್ತೊಂದು ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕಾರವಾರ, ಅಂಕೋಲೆಗಳಲ್ಲಿ ನಿರಾಶ್ರಿತರು ಎಂದರೆ ಮೊದಲು ನೆನಪಾಗುವುದು ಸೀಬರ್ಡ್ ನಿರಾಶ್ರಿತರು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಎರಡೂ ತಾಲ್ಲೂಕುಗಳ 13 ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟೆದ್ದವು. ಪೂರ್ಣ ನಾಗರಿಕತ್ವ, ಪಹಣಿ, ಭೂಸ್ವಾಧೀನ ಕಾಯ್ದೆ ಎಲ್ಲ ಇದ್ದೂ ಹೆಚ್ಚುವರಿ ಪರಿಹಾರಕ್ಕಾಗಿ ಅವರು ದಶಕಗಳ ಕಾಲ ಕೋರ್ಟು ಹತ್ತಬೇಕಾಯಿತು. ಘಟ್ಟದ ಮೇಲೆ ಯಾವ ಹಕ್ಕೂ ಇಲ್ಲದೆ ಬಂದವರಿಗೆ ಉಳಲು ನೆಲ ಸಿಕ್ಕಿತ್ತು. ಒಬ್ಬರ ಭಾಗ್ಯವನ್ನು ಇನ್ನೊಬ್ಬರ ಎದುರು ಇಡಲು ಹೇಳುವ ಮಾತಲ್ಲ ಇದು. ಕಾಯ್ದೆಯಿದ್ದರೆ ಸಾಲದು, ಆಡಳಿತಕ್ಕೆ ಮನಸ್ಸೂ ಬೇಕು ಎಂಬುದು ಕರಾವಳಿಯ ಅನುಭವ. ಮನಸ್ಸಿದ್ದರೂ ಕಾಯ್ದೆ ಬೇಕೆಂಬುದು ಮುಂಡಗೋಡಕ್ಕೆ ಆಮೇಲೆ ಗೊತ್ತಾಯಿತು.

1980–2008: ಬೆಳವಣಿಗೆಯ ಕಾಲ

ಎಂಬತ್ತರ ದಶಕದಲ್ಲಿ ಟಿಬೆಟಿನ ಗಡಿ ಸ್ವಲ್ಪ ಸಡಿಲವಾಯಿತು. ನೇಪಾಳದ ಕಣಿವೆಗಳನ್ನು ದಾಟಿ ಹೊಸಬರು ಬರತೊಡಗಿದರು. ಅವರಲ್ಲಿ ಬಹಳ ಮಂದಿ ಹರೆಯದ ಸನ್ಯಾಸಿಗಳು. ನೂರರ ಲೆಕ್ಕದಲ್ಲಿದ್ದ ಮಠವಾಸಿಗಳು ಕೆಲವೇ ವರ್ಷಗಳಲ್ಲಿ ಸಾವಿರಗಳಿಗೆ ಏರಿದರು. ಲಡಾಖ್, ಅರುಣಾಚಲ, ಭೂತಾನ್, ಮಂಗೋಲಿಯಗಳಿಂದಲೂ ವಿದ್ಯಾರ್ಥಿಗಳು ಬಂದರು. ಯುರೋಪಿನ ಅಂಚಿನ ಕಲ್ಮಿಕಿಯದಲ್ಲಿ 2023ರವರೆಗೆ ಪ್ರಧಾನ ಲಾಮಾ ಆಗಿದ್ದ ತೆಲೋ ತುಲ್ಕು ರಿನ್‌ಪೋಚೆ ಓದಿದ್ದು ಡ್ರೆಪುಂಗ್ ಗೊಮಾಂಗ್‌ನಲ್ಲಿ.

ಜನ ಹೆಚ್ಚಿದರು, ನೆಲ ಹೆಚ್ಚಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡಿನ ಜಮೀನನ್ನು ಹೊಸದಾಗಿ ಕೊಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ತಡವಾಗಿ ಬಂದವರಿಗೆ ಹೊಲ ಸಿಗಲಿಲ್ಲ. ಮೊದಲು ಬಂದವರ ಮಕ್ಕಳು ಬೆಳೆದು ಪಾಲಾದಾಗ ಹಿಡುವಳಿ ಚಿಕ್ಕದಾಯಿತು. ಮಳೆಯನ್ನೇ ನಂಬಿದ ಬೇಸಾಯ ವರ್ಷ ತುಂಬ ಅನ್ನ ಹಾಕುತ್ತಿರಲಿಲ್ಲ. ಸ್ವೆಟರ್ ವ್ಯಾಪಾರ ಶುರುವಾದದ್ದು ಹೀಗೆ. ಲುಧಿಯಾನದ ಮಿಲ್ಲುಗಳಿಂದ ಸಾಲದ ಮೇಲೆ ಸರಕು ತಂದು ದೀಪಾವಳಿಯ ಹೊತ್ತಿಗೆ ಊರೂರಿನಲ್ಲಿ ಅಂಗಡಿ ಹಾಕಿ, ಸಂಕ್ರಾಂತಿ ಕಳೆದು ಹಿಂದಿರುಗುವ ಸಂಚಾರ. ಸೆಖೆಯ ಅಂಕೋಲೆಯಲ್ಲಿ ಉಣ್ಣೆಗೆ ಗಿರಾಕಿ ಎಲ್ಲಿ? ಅವರ ದಾರಿ ಹುಬ್ಬಳ್ಳಿ, ಬೆಳಗಾವಿ, ಪುಣೆಯ ಕಡೆಗೆ. ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ಚಳಿಗಾಲವೆಂದರೆ ಬಸ್ ನಿಲ್ದಾಣದ ಬಳಿಯ ಆ ಟಿಬೆಟನ್ ಅಂಗಡಿಗಳ ಸಾಲೇ.

ಶಾಲೆಗಳನ್ನು ಕೇಂದ್ರ ಸರ್ಕಾರ 1961ರಲ್ಲಿ ಟಿಬೆಟನ್ ಶಾಲೆಗಳಿಗೆಂದೇ ರಚಿಸಿದ ಸಂಸ್ಥೆ ನಡೆಸಿತು. ಮಕ್ಕಳು ಟಿಬೆಟನ್, ಇಂಗ್ಲಿಷ್, ಹಿಂದಿ ಅಲ್ಲಿ ಕಲಿತರು. ಕನ್ನಡ ಸಂತೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಬಂತು. ಬಂದ ಕನ್ನಡ ಧಾರವಾಡ ಸೀಮೆಯದು. ವಸತಿಯ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳ ರೋಗಿಗಳೂ ಬರತೊಡಗಿದರು. ಟಿಬೆಟನ್ ವೈದ್ಯದ ಗುಳಿಗೆಗಳಿಗೂ ಹೊರಗಿನ ಗಿರಾಕಿಗಳಿದ್ದಾರೆ. 1987ರಲ್ಲಿ ಜಾಂಗ್‌ಚುಬ್ ಚೋಲಿಂಗ್ ಎಂಬ ಸನ್ಯಾಸಿನಿಯರ ಮಠ ಸ್ಥಾಪನೆಯಾಯಿತು. ಗಂಡಸರಿಗಷ್ಟೇ ತೆರೆದಿದ್ದ ಗ್ರಂಥಪಾಠ ಹೆಣ್ಣುಮಕ್ಕಳಿಗೂ ದೊರೆತ ಈ ಆರಂಭದ ಫಲ ಮುಂದೆ ಕಾಣಿಸಿತು.

ಕಟ್ಟಡಗಳು ಎದ್ದ ಕಾಲವೂ ಇದೇ. ತಗಡಿನ ಸೂರುಗಳ ಜಾಗದಲ್ಲಿ ಸಾವಿರಾರು ಜನ ಕೂರುವ ಪ್ರಾರ್ಥನಾ ಮಂದಿರಗಳು ಬಂದವು. ಡ್ರೆಪುಂಗ್ ಲೊಸೆಲಿಂಗ್‌ನ ಹೊಸ ಸಭಾಮಂದಿರವನ್ನು ದಲೈ ಲಾಮಾ 2008ರಲ್ಲಿ ಉದ್ಘಾಟಿಸಿದರು. ಹಣ ಬಹುಪಾಲು ಹೊರಗಿನದು. ಸನ್ಯಾಸಿಗಳ ತಂಡಗಳು ಅಮೆರಿಕ, ಯುರೋಪುಗಳಲ್ಲಿ ಮರಳಿನ ಮಂಡಲ ಬರೆದು, ಮಂತ್ರಪಠಣ ಮಾಡಿ ತಂದದ್ದು ಒಂದು ಭಾಗ. ಭಕ್ತರ ದಾನ ಇನ್ನೊಂದು. ಸಣ್ಣದಾದ ರಾತೋ ಮಠ ತನ್ನ ಹೊಸ ಕಟ್ಟಡಕ್ಕೆ ಹಣ ಕೂಡಿಸಿದ ರೀತಿ ಬೇರೆ: ಅಲ್ಲೇ ಓದಿದ ಅಮೆರಿಕನ್ ಸನ್ಯಾಸಿ ನಿಕೊಲಸ್ ವ್ರೀಲಾಂಡ್ ತಾವು ತೆಗೆದ ಛಾಯಾಚಿತ್ರಗಳನ್ನು ಮಾರಿದರು. 2012ರಲ್ಲಿ ಅವರೇ ಆ ಮಠದ ಅಧಿಪತಿಯಾಗಿ ನೇಮಕಗೊಂಡರು.

ಮಠದೊಳಗೆ ಒಂದು ಆರಾಧನಾ ಪದ್ಧತಿಯ ಕುರಿತು 1996ರಿಂದ ಭಿನ್ನಾಭಿಪ್ರಾಯ ಬೆಳೆದಿತ್ತು. 2008ರ ಬಳಿಕ ಅದನ್ನು ಬಿಡಲೊಪ್ಪದವರು ಬೇರೆಯಾಗಿ ತಮ್ಮದೇ ಮಠ ಮಾಡಿಕೊಂಡರು. ಅಕ್ಕಪಕ್ಕದಲ್ಲೇ ಎರಡೂ ನಡೆಯುತ್ತಿವೆ. ನೆರೆಯ ಹಳ್ಳಿಗಳ ಜೊತೆಗೂ ಆಗೀಗ ಕಿರಿಕಿರಿಗಳು ಎದ್ದದ್ದುಂಟು. ಭೂಮಿಯಿಲ್ಲದ ಊರವರು ತಮಗಿಲ್ಲದ ಜಮೀನು ಹೊರಗಿನವರಿಗೆ ಹೋಯಿತಲ್ಲ ಎಂದುಕೊಂಡರೆ ಅದನ್ನು ಅಸೂಯೆ ಎಂದು ತಳ್ಳಿಹಾಕುವಂತಿಲ್ಲ. ಅದೇ ಹೊಲಗಳು ಅವರಿಗೆ ಕೂಲಿಯನ್ನೂ ಪಾಲಿನ ಬೇಸಾಯವನ್ನೂ ಕೊಟ್ಟವು. ಮಠದ ಕಟ್ಟಡಗಳು ಗೌಂಡಿ, ಬಡಗಿಗಳಿಗೆ ವರ್ಷಗಟ್ಟಲೆ ಕೆಲಸ ಕೊಟ್ಟವು. ಮುಂಡಗೋಡದ ಪೇಟೆ ಅದರಿಂದಲೇ ಹಿಗ್ಗಿತು.

2010–2017: ಕೋರ್ಟಿನ ಬಾಗಿಲಲ್ಲಿ

1955ರ ಪೌರತ್ವ ಕಾಯ್ದೆಯ 3ನೆಯ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ತಂದೆತಾಯಿ ಯಾರೆಂಬುದು ಅಲ್ಲಿ ಮುಖ್ಯವಲ್ಲ. ಮಾತು ಇಷ್ಟು ಸರಳವಿದ್ದರೂ ಟಿಬೆಟನ್ನರ ಮಟ್ಟಿಗೆ ಅದು ಅರ್ಧ ಶತಮಾನ ನಿದ್ರೆಯಲ್ಲಿತ್ತು. ಕೇಳಿದವರೂ ಕಡಿಮೆ. ತಾಯ್ನಾಡಿಗೆ ಮರಳುವ ಆಸೆಯಿರುವವರು ಇನ್ನೊಂದು ದೇಶದ ನಾಗರಿಕರಾದರೆ ಹೋರಾಟ ಸಡಿಲವಾದೀತೆಂಬ ಅಳುಕು ಸಮುದಾಯದೊಳಗೂ ಇತ್ತು.

2010ರ ಡಿಸೆಂಬರ್‌ನಲ್ಲಿ ನಮ್‌ಗ್ಯಾಲ್ ಡೊಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಕಾಯ್ದೆಯನ್ನು ಇದ್ದಂತೆಯೇ ಓದಿ ಪಾಸ್‌ಪೋರ್ಟ್ ನಿರಾಕರಣೆಯನ್ನು ರದ್ದುಮಾಡಿತು. ಕರ್ನಾಟಕದ ತೀರ್ಪು ಮುಂಡಗೋಡಕ್ಕೆ ನೇರ ಸಂಬಂಧಿಸಿದ್ದು. ದಲೈ ಲಾಮಾ ಅವರ ಹಿರಿಯ ಗುರುಗಳ ಪುನರವತಾರವೆಂದು ಗುರುತಿಸಲ್ಪಟ್ಟ ಲಿಂಗ್ ರಿನ್‌ಪೋಚೆ 1985ರಲ್ಲಿ ಹಿಮಾಚಲ ಪ್ರದೇಶದಲ್ಲಿ ಹುಟ್ಟಿ, ಎಳವೆಯಲ್ಲೇ ಡ್ರೆಪುಂಗ್ ಲೊಸೆಲಿಂಗ್ ಸೇರಿ ಇಲ್ಲೇ ಓದಿದವರು. ಅವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2013ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು, ಆ ಅವಧಿಯಲ್ಲಿ ಭಾರತದಲ್ಲಿ ಹುಟ್ಟಿದ ಟಿಬೆಟನ್ ಭಾರತದ ನಾಗರಿಕನೇ ಎಂದಿತು. ವಿದೇಶೀಯ ಎಂದು ತನ್ನನ್ನು ತಾನೇ ನೋಂದಾಯಿಸಿಕೊಂಡದ್ದರಿಂದ ಹುಟ್ಟಿನ ಹಕ್ಕು ಅಳಿಯುವುದಿಲ್ಲ ಎಂಬುದು ಈ ಪ್ರಕರಣಗಳಿಂದ ಹೊರಟ ಮುಖ್ಯ ನಿಲುವು.

2014ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟಿನಿಂದ ಮತ್ತೊಂದು ತೀರ್ಪು ಬಂದು, 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕಚೇರಿಗಳಿಗೆ ನಿರ್ದೇಶನ ಕೊಟ್ಟಿತು. ಬೆನ್ನಲ್ಲೇ ಷರತ್ತುಗಳೂ ಬಂದವು: ಆರ್.ಸಿ., ಗುರುತಿನ ಪತ್ರ ಒಪ್ಪಿಸಬೇಕು, ನಿರಾಶ್ರಿತರಿಗೆ ದೊರೆಯುವ ಸವಲತ್ತು, ವಸತಿಯ ವಾಸ ಬಿಡಬೇಕು. ಅಪ್ಪ ಅಮ್ಮನ ಮನೆ ಬಿಡಬೇಕಾದೀತೆಂಬ ಆತಂಕಕ್ಕೆ ಎಷ್ಟೋ ಮಂದಿ ಅರ್ಜಿಯ ಗೋಜಿಗೇ ಹೋಗಲಿಲ್ಲ. 1987ರ ಜುಲೈ 1ರಿಂದೀಚೆಗೆ ಹುಟ್ಟಿದವರಿಗಂತೂ ಈ ದಾರಿಯೇ ಇಲ್ಲ, ಪೋಷಕರಲ್ಲೊಬ್ಬರಾದರೂ ನಾಗರಿಕರಾಗಿರಬೇಕು. ಒಂದೇ ಮನೆಯಲ್ಲಿ ಅಣ್ಣ ಭಾರತೀಯ, ತಂಗಿ ವಿದೇಶೀಯಳು ಆಗುವ ಪ್ರಸಂಗ ಹೀಗೆ ಹುಟ್ಟಿತು. 2019ರ ಪೌರತ್ವ ತಿದ್ದುಪಡಿ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ ಬಂದವರಿಗಷ್ಟೇ ಸೀಮಿತ. ಟಿಬೆಟನ್ನರು ಅದರ ಹೊರಗೆ.

ಕೋರ್ಟುಗಳ ಈ ಓಡಾಟದ ನಡುವೆ ಬಂದ 2014ರ ಟಿಬೆಟನ್ ಪುನರ್ವಸತಿ ನೀತಿಯನ್ನು ವಸತಿಯ ಚರಿತ್ರೆಯಲ್ಲಿ ಎರಡನೆಯ ಸ್ಥಾಪನೆ ಎನ್ನಬಹುದು. ಜಮೀನಿಗೆ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡುವುದು, ರಸ್ತೆ, ನೀರು, ಪಡಿತರ, ಆರೋಗ್ಯ ಯೋಜನೆಗಳನ್ನು ವಸತಿಗೂ ವಿಸ್ತರಿಸುವುದು, ಅರ್ಹರಿಗೆ ಉದ್ಯೋಗ ಮತ್ತು ವ್ಯಾಪಾರದ ಪರವಾನಗಿ ಕೊಡುವುದು ಎಲ್ಲವೂ ಅದರಲ್ಲಿವೆ. ಇದು ರಾಜ್ಯಗಳಿಗೆ ಕೇಂದ್ರ ಕೊಟ್ಟ ಮಾರ್ಗಸೂಚಿ, ಶಾಸನವಲ್ಲ. ಆದರೂ ಬಾಯಿಮಾತಿನಲ್ಲಿ, ಬಿಡಿ ಬಿಡಿ ಆದೇಶಗಳಲ್ಲಿ ನಡೆದುಬಂದ ಏರ್ಪಾಡು ಒಂದೇ ಕಡೆ ಬರೆದಿಟ್ಟ ರೂಪ ಪಡೆಯಿತು. ಉಗಾಂಡ 2006ರ ಕಾಯ್ದೆಯಲ್ಲಿ ನಿರಾಶ್ರಿತರಿಗೆ ದುಡಿಯುವ, ಓಡಾಡುವ ಹಕ್ಕು ಬರೆದುಕೊಟ್ಟು, ಉಳಲು ತುಂಡು ಭೂಮಿ ಕೊಡುವ ಪದ್ಧತಿಗಾಗಿ ಜಗತ್ತಿನ ಮೆಚ್ಚುಗೆ ಗಳಿಸಿದೆ. ಭೂಮಿ ಕೊಡುವ ಕೆಲಸವನ್ನು ಮೈಸೂರು ರಾಜ್ಯ ಆ ಕಾಯ್ದೆಗೂ ಮೊದಲೇ ಮಾಡಿತ್ತು, ಬರೆದಿಡಲಿಲ್ಲ ಅಷ್ಟೆ.

2012–2025: ಮೈಲಿಗಲ್ಲುಗಳು ಮತ್ತು ಖಾಲಿ ಮನೆಗಳು

ಈ ವರ್ಷಗಳಲ್ಲಿ ಮುಂಡಗೋಡದ ಹೆಸರು ದೇಶವಿದೇಶಗಳಲ್ಲಿ ಕೇಳಿಬಂತು. 2012ರ ಕೊನೆಯಲ್ಲಿ ದಲೈ ಲಾಮಾ ಇಲ್ಲಿ ಬೋಧಿಯ ಹಾದಿಯ ಮೆಟ್ಟಿಲುಗಳನ್ನು ವಿವರಿಸುವ ಲಾಮ್‌ರಿಮ್ ಗ್ರಂಥಗಳ ಬೋಧನಾಮಾಲೆ ಆರಂಭಿಸಿದರು. 2013ರ ಜನವರಿಯಲ್ಲಿ ಮನಸ್ಸಿನ ಸ್ವರೂಪದ ಕುರಿತು ನರವಿಜ್ಞಾನಿಗಳು, ಭೌತವಿಜ್ಞಾನಿಗಳು, ಬೌದ್ಧ ವಿದ್ವಾಂಸರು ಸೇರಿದ 26ನೆಯ ಮೈಂಡ್ ಅಂಡ್ ಲೈಫ್ ಸಂವಾದ ಡ್ರೆಪುಂಗ್‌ನಲ್ಲಿ ನಡೆಯಿತು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ನೆರವಿನಿಂದ ಮಠದ ಪಠ್ಯದಲ್ಲಿ ವಿಜ್ಞಾನವೂ ಸೇರಿತು. 2017ರಲ್ಲಿ ಲೊಸೆಲಿಂಗ್‌ನಲ್ಲಿ ಧ್ಯಾನ ಮತ್ತು ವಿಜ್ಞಾನ ಕೇಂದ್ರ ತೆರೆಯಿತು. 2019ರ ಡಿಸೆಂಬರ್‌ನಲ್ಲಿ ಚೋಂಖಾಪ ಗುರುವಿನ 600ನೆಯ ಪುಣ್ಯತಿಥಿ ಗಾಡೆನ್‌ನಲ್ಲಿ ನೆರವೇರಿತು.

ಇವೆಲ್ಲಕ್ಕಿಂತ ದೊಡ್ಡದು 2016ರ ಡಿಸೆಂಬರ್ 22. ಅಂದು ಡ್ರೆಪುಂಗ್‌ನಲ್ಲಿ 20 ಸನ್ಯಾಸಿನಿಯರು ದಲೈ ಲಾಮಾ ಅವರಿಂದ ಗೆಶೆಮಾ, ಅಂದರೆ ಸನ್ಯಾಸಿನಿಯರ ಗೆಶೆ ಪದವಿ ಪಡೆದರು. ಇಷ್ಟು ಮಂದಿ ಟಿಬೆಟನ್ ಸನ್ಯಾಸಿನಿಯರು ಒಟ್ಟಾಗಿ ಆ ಮಟ್ಟದ ಪದವಿಗೆ ಏರಿದ್ದು ಇತಿಹಾಸದಲ್ಲೇ ಮೊದಲು. ಟಿಬೆಟಿನಲ್ಲಿ ಆಗದ ಸುಧಾರಣೆ ಪರದೇಶದ ಕಾಲೊನಿಯೊಂದರಲ್ಲಿ ಆಯಿತು.

ಒಕ್ಕಲುತನದ ಕ್ಯಾಂಪುಗಳ ಚಿತ್ರ ಬೇರೆ. 2008ರ ಲ್ಹಾಸಾ ಗಲಭೆಯ ನಂತರ ಚೀನಾ ಗಡಿ ಬಿಗಿ ಮಾಡಿತು. ಹೊಸಬರ ಬರವು ತೀರ ಇಳಿಯಿತು. ಇಲ್ಲಿ ಹುಟ್ಟಿ ಓದಿದವರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಯುರೋಪುಗಳಿಗೆ ಹೊರಟರು. 1990ರ ಅಮೆರಿಕದ ವಲಸೆ ಕಾಯ್ದೆ ಭಾರತ, ನೇಪಾಳಗಳ 1000 ಟಿಬೆಟನ್ನರಿಗೆ ವೀಸಾ ಕೊಟ್ಟಂದಿನಿಂದ ತೆರೆದ ದಾರಿ ಅದು. ಮುಂಡಗೋಡದಲ್ಲಿ ಹುಟ್ಟಿದವರು ಹೊರದೇಶಗಳಲ್ಲಿ ಕೆಲವೇ ವರ್ಷಗಳಲ್ಲಿ ನಾಗರಿಕರಾಗಿ, ಹುಟ್ಟಿದ ಊರಿಗೆ ವೀಸಾ ಮತ್ತು ಸಂರಕ್ಷಿತ ಪ್ರದೇಶದ ಪರವಾನಗಿ ಹಿಡಿದು ಬರುತ್ತಾರೆ. ಕ್ಯಾಂಪುಗಳಲ್ಲಿ ಉಳಿದವರು ಹೆಚ್ಚಾಗಿ ಹಿರಿಯರು. ಹೊಲಗಳನ್ನು ಸುತ್ತಲಿನ ಹಳ್ಳಿಗಳ ರೈತರು ಪಾಲಿಗೆ ಉಳುತ್ತಾರೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ. ವೃದ್ಧಾಶ್ರಮದ ಅಗತ್ಯ ಹೆಚ್ಚಿದೆ.

2025ರ ಸೆಪ್ಟೆಂಬರ್ 1ರಂದು ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದು 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳ ಜಾಗ ಹಿಡಿಯಿತು. ಹೊಸ ಕಾಯ್ದೆಯಲ್ಲೂ ನಿರಾಶ್ರಿತ ಎಂಬ ಪ್ರತ್ಯೇಕ ವರ್ಗವಿಲ್ಲ. ಅದರೊಂದಿಗೆ ಹೊರಟ ವಿನಾಯಿತಿ ಆದೇಶದಲ್ಲಿ ಮಾತ್ರ ಟಿಬೆಟನ್ನರ ಹೆಸರಿದೆ: 1959ರಿಂದೀಚೆಗೆ ಬಂದು ನೋಂದಣಿ ಪತ್ರ ಪಡೆದವರಿಗೆ ಪಾಸ್‌ಪೋರ್ಟ್, ವೀಸಾಗಳಿಲ್ಲವೆಂಬ ಕಾರಣಕ್ಕೆ ತೊಂದರೆಯಿಲ್ಲ. 2003ರ ಮೇ 30ರ ನಂತರ ಬಂದವರ ಬಳಿ ಕಾಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ಕೊಡುವ ವಿಶೇಷ ಪ್ರವೇಶ ಪರವಾನಗಿ ಇರಬೇಕು. ಇವೆರಡೂ ಇಲ್ಲದವರ ಸ್ಥಿತಿಯನ್ನು ಆದೇಶ ಹೇಳುವುದಿಲ್ಲ. 1966ರಲ್ಲಿ ಆದೇಶದಿಂದ ಹುಟ್ಟಿದ ವಸತಿ 60ನೆಯ ವರ್ಷದಲ್ಲೂ ಆದೇಶದ ಮೇಲೆಯೇ ನಿಂತಿದೆ. ಆರ್.ಸಿ. ನವೀಕರಣದ ಹೊಣೆ ಈಗಲೂ ಕಾರವಾರದ ಕಚೇರಿಯದೇ.